ಬಂಡೆಯ ಬಣ್ಣದ ಹಕ್ಕಿಗಳು: ಹಂಪಿ–ದರೋಜಿ ಗುಡ್ಡಗಳಲ್ಲಿ ಫೋಟೊ ತೆಗೆಯುವವರಿಗೆ

ಹಂಪಿ, ಅದರ ಹತ್ತಿರದ ದರೋಜಿ ಕರಡಿಧಾಮದ ಕಡೆಗೆ ಕ್ಯಾಮೆರಾ ಹೊತ್ತು ಬರುವವರಲ್ಲಿ ಹೆಚ್ಚಿನವರದ್ದು ಒಂದೇ ದೂರು. "ಹಕ್ಕಿ ಕೂಗ್ತಾನೇ ಇತ್ತು, ಕಾಣಲೇ ಇಲ್ಲ." ಕಂಡಿದ್ದರೂ ಸಿಕ್ಕಿರುವುದು ಬೆನ್ನು ತೋರಿಸಿ ಓಡುತ್ತಿರುವ ಒಂದು ಮಸುಕು ಫೋಟೊ. ಇನ್ನೂ ಉದ್ದದ ಲೆನ್ಸ್ ಬೇಕಿತ್ತು ಎಂದುಕೊಂಡು ಊರಿಗೆ ಹೋಗುತ್ತಾರೆ. ಲೆನ್ಸ್‌ನಿಂದ ಇದು ಬಗೆಹರಿಯುವುದಿಲ್ಲ.

ತಾನು ಯಾರ ಕಣ್ಣಿಗೂ ಬಿದ್ದಿಲ್ಲ ಎಂಬ ಧೈರ್ಯದ ಮೇಲೆ ಬದುಕುವ ಹಕ್ಕಿಗಳಿವು. ಆ ಧೈರ್ಯ ಇರುವ ತನಕ ಕೂತ ಜಾಗ ಬಿಡುವುದಿಲ್ಲ. "ಇವನು ನನ್ನ ನೋಡಿಬಿಟ್ಟ" ಅನ್ನಿಸಿತೋ, ಮರುಕ್ಷಣ ಜಾಗ ಖಾಲಿ. ಹಾಗಾಗಿ ನಮ್ಮ ಕೆಲಸ ಎರಡೇ: ಹಕ್ಕಿಯನ್ನು ನೋಡಬೇಕು, ನೋಡಿದ್ದು ಅದಕ್ಕೆ ಗೊತ್ತಾಗಬಾರದು.

ಯಾವ ಹಕ್ಕಿಗಳು?

ಇಲ್ಲಿ ಮುಖ್ಯವಾಗಿ ಮೂರರ ಬಗ್ಗೆ ಹೇಳುತ್ತೇನೆ. ಪೇಂಟೆಡ್ ಸ್ಪರ್‌ಫೌಲ್, ರಾಕ್ ಬುಷ್ ಕ್ವೇಲ್, ಪೇಂಟೆಡ್ ಸ್ಯಾಂಡ್‌ಗ್ರೌಸ್.

ಸ್ಪರ್‌ಫೌಲ್ ಕೋಳಿ ಜಾತಿಯದು, ಸುಮಾರು 32 ಸೆಂ.ಮೀ. ಉದ್ದ, ಮೂರರಲ್ಲಿ ಇದೇ ದೊಡ್ಡದು. ಗಂಡಿನ ಮೈ ಇಟ್ಟಿಗೆ ಕೆಂಪು, ಅದರ ಮೇಲೆ ಕಪ್ಪು ಅಂಚಿನ ಬಿಳಿ ಚುಕ್ಕೆಗಳು. ಪುಸ್ತಕದಲ್ಲಿ ನೋಡಿದರೆ ಇಷ್ಟು ಬಣ್ಣದ ಹಕ್ಕಿ ಅಡಗುವುದಾದರೂ ಹೇಗೆ ಅನ್ನಿಸುತ್ತದೆ. ಬಂಡೆ ಸಂದಿಯ ನೆರಳಲ್ಲಿ, ಒಣಗಿದ ಎಲೆಗಳ ಮೇಲೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬಿದ್ದ ಕಡೆ ನಿಂತರೆ ಆಗ ಗೊತ್ತಾಗುತ್ತದೆ. ಮಲೆನಾಡಿನಲ್ಲಿ ಕಾಣುವ ಕೆಂಪು ಸ್ಪರ್‌ಫೌಲ್‌ಗೆ ಕಣ್ಣ ಸುತ್ತ ಕೆಂಪು ಚರ್ಮ, ಕೆಂಪು ಕಾಲು ಇರುತ್ತವೆ. ಇದಕ್ಕೆ ಎರಡೂ ಇಲ್ಲ.

ರಾಕ್ ಬುಷ್ ಕ್ವೇಲ್ ಲಾವುಗೆ ಜಾತಿಯದು, ಸುಮಾರು 17 ಸೆಂ.ಮೀ. ನಮ್ಮ ಹಳ್ಳಿಗಳಲ್ಲಿ ಬುರ್ಲಿ ಅನ್ನುವವರೂ ಇದ್ದಾರೆ. ಗಂಡಿನ ಎದೆ, ಹೊಟ್ಟೆ ತುಂಬ ಕಪ್ಪು ಬಿಳುಪು ಅಡ್ಡಪಟ್ಟೆ. ಹೆಣ್ಣಿಗೆ ಆ ಪಟ್ಟೆ ಇಲ್ಲ. ಗುಂಪಿನಲ್ಲಿ ಓಡಾಡುತ್ತವೆ.

ಸ್ಯಾಂಡ್‌ಗ್ರೌಸ್ ಪಾರಿವಾಳದಂತೆ ಕಾಣುವ ನೆಲದ ಹಕ್ಕಿ. ಸಾಮಾನ್ಯವಾಗಿ ಜೋಡಿಯಾಗಿ, ಬರಿಯ ನೆಲದ ಮೇಲೇ ಕೂತಿರುತ್ತದೆ. ಗಂಡಿನ ಹಣೆಯಲ್ಲಿ ಕಪ್ಪು ಬಿಳಿ ಪಟ್ಟಿ, ಕೊಕ್ಕು ಕಿತ್ತಳೆ. ಹೆಣ್ಣು ಮಾತ್ರ ಪೂರಾ ಜಲ್ಲಿಕಲ್ಲಿನ ಬಣ್ಣ.

ಮೂರರಲ್ಲೂ ಹೆಣ್ಣನ್ನು ನಿರ್ಲಕ್ಷಿಸಬೇಡಿ. ಎಲ್ಲರೂ ಗಂಡಿನ ಬಣ್ಣದ ಹಿಂದೆ ಬೀಳುತ್ತಾರೆ. ನನ್ನ ಕೇಳಿದರೆ ಹೆಣ್ಣು ಸ್ಯಾಂಡ್‌ಗ್ರೌಸ್‌ನ ಒಂದು ಒಳ್ಳೆಯ ಫೋಟೊ ಹತ್ತು ಗಂಡಿನ ಫೋಟೊಗಳಿಗಿಂತ ಮೇಲು.

ಇದೇ ಬಂಡೆಗಾಡಿನಲ್ಲಿ ಹಳದಿ ಕೊರಳಿನ ಪಿಕಳಾರವೂ (ಬುಲ್ಬುಲ್) ಇದೆ. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಅಳಿವಿನ ಭೀತಿ ಇರುವ ಹಕ್ಕಿಗಳ ಪಟ್ಟಿಯಲ್ಲೂ ಇದೆ. ನಂದಿ ಬೆಟ್ಟ, ಸಾವನದುರ್ಗ, ರಾಮನಗರದ ಕಡೆಯೂ ಸಿಗುತ್ತದೆ. ಅದು ಗಿಡದ ಹಕ್ಕಿ, ಹಣ್ಣು ಬಿಟ್ಟ ಗಿಡದ ಹತ್ತಿರ ಸುಮ್ನೆ ಕೂತರೆ ಬರುತ್ತದೆ. ಅದಕ್ಕೆ ಇಷ್ಟೆಲ್ಲ ತಯಾರಿ ಬೇಕಾಗಿಲ್ಲ.

ಹಿಂದಿನ ದಿನ ಜಾಗ ನೋಡಿ ಬನ್ನಿ

ಮೊದಲ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ. ಬೈನಾಕ್ಯುಲರ್ ಒಂದು ಸಾಕು.

ದೊಡ್ಡ ಬಂಡೆಗಳ ಗುಡ್ಡ ಮುಗಿದು ಕುರುಚಲು ಶುರುವಾಗುವ ಅಂಚು ಹುಡುಕಿ. ಕಾರೆ, ಜಾಲಿ, ಲಂಟಾನ ಬೆಳೆದು, ನಡುನಡುವೆ ಬರಿಯ ನೆಲ ಇರಬೇಕು. ಸ್ಪರ್‌ಫೌಲ್ ಹೊಟ್ಟೆಪಾಡಿಗೆ ಪೊದೆಗೆ ಬರುತ್ತದೆ, ಹೆದರಿದರೆ ಬಂಡೆಗೆ ಓಡುತ್ತದೆ. ಎರಡೂ ಹತ್ತಿರ ಇರುವ ಕಡೆಯೇ ಅದರ ಮನೆ. ಪೊದೆ ಬುಡದಲ್ಲಿ ತರಗೆಲೆ ಕೆದರಿ ಕೆಳಗಿನ ಹಸಿ ಮಣ್ಣು ಮೇಲೆ ಬಂದಿದ್ದರೆ ಅದು ಇತ್ತೀಚಿನ ಕೆಲಸ. ಆ ಮಣ್ಣು ಒಣಗಿ ಬಿಳಿಚಿದ್ದರೆ ಹಳೆಯದು. ಕಾಲುದಾರಿಯ ಬದಿಯ ಪುಡಿ ಮಣ್ಣಿನಲ್ಲಿ ಅಂಗೈಯಗಲದ ಗುಳಿಗಳು, ಒಂದೆರಡು ಸಣ್ಣ ಪುಕ್ಕ ಕಂಡರೆ ಲಾವುಗೆಗಳು ಮಣ್ಣಿನ ಸ್ನಾನ ಮಾಡುವ ಜಾಗ ಅದು. ಆ ಜಾಗಕ್ಕೆ ಅವು ಮತ್ತೆ ಬರುತ್ತವೆ.

ಬೇಸಿಗೆಯಾದರೆ ದೊಣೆಗಳನ್ನು ನೋಡಿ. ಹಾಸುಬಂಡೆಯ ತಗ್ಗಿನಲ್ಲಿ ಎಲ್ಲಿ ಇನ್ನೂ ನೀರು ಉಳಿದಿದೆ ಎಂದು ಕುರಿ ಕಾಯುವವರಿಗೆ ಕೇಳಿ. ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿಲ್ಲ. "ಅಣ್ಣಾ, ಇಲ್ಲಿ ಬುರ್ಲಿ ಎಲ್ಲಿ ಏಳ್ತಾವೆ?" ಅಂತ ಕೇಳಿದರೆ ಕೋಲು ಚಾಚಿ ತೋರಿಸುತ್ತಾರೆ.

ಕಾಲದ ಬಗ್ಗೆ ಎರಡು ಮಾತು. ಮಳೆ ಮುಗಿದ ಹೊಸದರಲ್ಲಿ ಹುಲ್ಲು ಎತ್ತರ ಇರುತ್ತದೆ, ಹಕ್ಕಿ ಹತ್ತಿರವೇ ಇದ್ದರೂ ಕಾಣುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಏಪ್ರಿಲ್, ಮೇನಲ್ಲಿ ನೀರಿನ ಹತ್ತಿರ ಹಕ್ಕಿ ಜಾಸ್ತಿ ಸಿಗುತ್ತವೆ. ಆದರೆ ಬಳ್ಳಾರಿ ಸೀಮೆಯ ಆ ಬಿಸಿಲು ತಡೆಯುವ ಶಕ್ತಿ ನಿಮಗೂ ಇರಬೇಕು.

ದಿನದಲ್ಲಿ ಬೆಳಗಿನ ಮೊದಲ ಎರಡು ಗಂಟೆ ಬಹಳ ಮುಖ್ಯ. ಬಿಸಿಲೇರಿದರೆ ಬಂಡೆ ಕಾಯುತ್ತದೆ, ಅದರ ಮೇಲಿನ ಗಾಳಿ ನಡುಗುತ್ತದೆ. ಬರಿಗಣ್ಣಿಗೆ ಅಷ್ಟು ಗೊತ್ತಾಗುವುದಿಲ್ಲ. 500 ಎಂಎಂ ಲೆನ್ಸ್‌ನಲ್ಲಿ ಮಾತ್ರ ಪುಕ್ಕದ ಎಳೆಗಳೆಲ್ಲ ಕಲಸಿಹೋಗುತ್ತವೆ. ಒಂದೇ ಜಾಗದಿಂದ ತೆಗೆದ ಹತ್ತು ಫೋಟೊಗಳಲ್ಲಿ ಹತ್ತೂ ಬೇರೆ ಬೇರೆ ರೀತಿ ಮಸುಕಾಗಿದ್ದರೆ ತಪ್ಪು ಫೋಕಸ್‌ನದ್ದಲ್ಲ, ಬಿಸಿ ಗಾಳಿಯದ್ದು. ಆಗ ಕ್ಯಾಮೆರಾ ಒಳಗಿಟ್ಟು ತಿಂಡಿಗೆ ಹೋಗಿ. ಸ್ಯಾಂಡ್‌ಗ್ರೌಸ್ ಲೆಕ್ಕ ಬೇರೆ. ಅದು ನೀರಿಗೆ ಬರುವುದೇ ಸೂರ್ಯ ಮುಳುಗಿ ಕತ್ತಲಾಗುವ ಹೊತ್ತಿಗೆ, ಇಲ್ಲವೇ ಬೆಳಕು ಹರಿಯುವ ಮುಂಚೆ. ನೀರಿನ ಹತ್ತಿರ ಅದರ ಫೋಟೊಗೆ ಬೆಳಕೇ ಇರುವುದಿಲ್ಲ. ಹಗಲಲ್ಲಿ ಕಚ್ಚಾ ರಸ್ತೆಯ ಅಂಚಿನಲ್ಲಿ, ಜಲ್ಲಿ ನೆಲದಲ್ಲಿ ಹುಡುಕುವುದೇ ಸರಿ.

ಹಕ್ಕಿಯನ್ನು ಹುಡುಕಬೇಡಿ, ನೆರಳನ್ನು ಹುಡುಕಿ

ಬಂಡೆಗಳ ನಡುವೆ ಹಕ್ಕಿಯ ಆಕಾರ ಹುಡುಕಿದರೆ ಸಿಗುವುದಿಲ್ಲ. ಮೈಮೇಲಿನ ಪಟ್ಟೆ, ಚುಕ್ಕೆಗಳು ಇರುವುದೇ ಆ ಆಕಾರವನ್ನು ಒಡೆದುಹಾಕುವುದಕ್ಕೆ. ಹೊಟ್ಟೆಯ ಭಾಗದ ತಿಳಿ ಬಣ್ಣ ಕೆಳಗಿನ ನೆರಳನ್ನು ನುಂಗುತ್ತದೆ. ಆದರೆ ನೆಲದ ಮೇಲೆ ಬೀಳುವ ನೆರಳನ್ನು ಅಡಗಿಸುವ ವಿದ್ಯೆ ಯಾವ ಹಕ್ಕಿಗೂ ಇಲ್ಲ. ಬೆಳಗಿನ ಓರೆ ಬಿಸಿಲಲ್ಲಿ 17 ಸೆಂ.ಮೀ. ಹಕ್ಕಿಯ ನೆರಳು ಅದಕ್ಕಿಂತ ಉದ್ದ ಇರುತ್ತದೆ. ನೆಲದ ಮೇಲೊಂದು ದುಂಡು ನೆರಳಿದೆ, ಅಷ್ಟು ದೊಡ್ಡ ಕಲ್ಲು ಮಾತ್ರ ಅಲ್ಲಿ ಕಾಣುತ್ತಿಲ್ಲ ಅಂದರೆ ಆ ಕಡೆ ಇನ್ನೊಮ್ಮೆ ನೋಡಿ.

ಆಮೇಲೆ ಕಣ್ಣು. ಕಲ್ಲಿನ ಮೇಲೆ ಪೂರ್ತಿ ಗುಂಡಗಿನ, ಹೊಳೆಯುವ ಕಪ್ಪು ಚುಕ್ಕೆ ಇರುವುದು ಅಪರೂಪ. ಬೈನಾಕ್ಯುಲರ್‌ನಲ್ಲಿ ಬಂಡೆ ಬುಡವನ್ನು ಎಡದಿಂದ ಬಲಕ್ಕೆ ಒಂದು ಸಲ, ಬಲದಿಂದ ಎಡಕ್ಕೆ ಇನ್ನೊಂದು ಸಲ ನಿಧಾನಕ್ಕೆ ನೋಡಿ. ಎರಡನೇ ಸಲಕ್ಕೇ ಸಿಗುವುದು ಜಾಸ್ತಿ.

ಕಿವಿಯೂ ತೆರೆದಿರಲಿ. ಒಣ ಎಲೆ ಕೆದರುವ ಸದ್ದು ಸ್ಪರ್‌ಫೌಲ್‌ನದ್ದೂ ಇರಬಹುದು, ಓತಿಕ್ಯಾತದ್ದೂ ಇರಬಹುದು, ಮುಂಗುಸಿಯದ್ದೂ ಇರಬಹುದು. ಕೋಳಿ ಜಾತಿಯದ್ದಾದರೆ ಎರಡು ಮೂರು ಸಲ ಕೆದರಿ ನಿಲ್ಲುತ್ತದೆ, ಮತ್ತೆ ಕೆದರುತ್ತದೆ. ಆ ನಿಲ್ಲಿಸುವ ಹೊತ್ತಲ್ಲಿ ಅದು ಕೆದರಿದ್ದನ್ನು ನೋಡುತ್ತಿರುತ್ತದೆ, ಹೆಕ್ಕುತ್ತಿರುತ್ತದೆ. ಓತಿಕ್ಯಾತ ಒಂದೇ ಓಟಕ್ಕೆ ಓಡಿ ಸುಮ್ಮನಾಗುತ್ತದೆ.

ಕಂಡ ಮೇಲೆ ಮಾಡಬೇಕಾದ್ದು

ನಿಲ್ಲಬೇಡಿ! ನಡೆಯುತ್ತಿದ್ದವನು ಥಟ್ಟನೆ ನಿಂತರೆ ಹಕ್ಕಿಗೆ ಅದೇ ಎಚ್ಚರಿಕೆಯ ಗಂಟೆ. ಅದೇ ವೇಗದಲ್ಲಿ, ಬೇರೆಲ್ಲೋ ನೋಡುತ್ತಾ ಹತ್ತಿಪ್ಪತ್ತು ಹೆಜ್ಜೆ ಮುಂದೆ ಹೋಗಿ. ಒಂದು ಬಂಡೆಯ ಮರೆಗೆ ಸೇರಿ. ಅಲ್ಲಿ ಕೂತು ಕ್ಯಾಮೆರಾ ಸೆಟ್ ಮಾಡಿಕೊಳ್ಳಿ. ಮೊದಲ ನೋಟಕ್ಕೇ ಲೆನ್ಸ್ ಎತ್ತುವ ಆಸೆ ತಡೆದುಕೊಂಡರೆ ಅರ್ಧ ಕೆಲಸ ಆದಂತೆ.

ಈಗ ಹತ್ತಿರ ಹೋಗುವುದು. ನೇರ ಹೋಗಬೇಡಿ. ಹಕ್ಕಿಯನ್ನು ದಾಟಿ ಹೋಗುವವರ ಹಾಗೆ ಓರೆಯಾಗಿ ಹೋಗಿ, ಮತ್ತೆ ಇನ್ನೊಂದು ಕಡೆಗೆ ಓರೆಯಾಗಿ. ಎರಡು ಕಾಲ ಮೇಲೆ ನಿಂತಿರುವುದಕ್ಕಿಂತ ಕೂತು ಜರುಗುವುದು ವಾಸಿ. ಲೆನ್ಸ್ ಮೊದಲೇ ಮುಖದ ಹತ್ತಿರ ಇರಲಿ. ಹಕ್ಕಿಯ ಎದುರು ಅದನ್ನು ಕೆಳಗಿನಿಂದ ಮೇಲಕ್ಕೆ ಎತ್ತಬೇಡಿ.

ಹಕ್ಕಿಯ ಮೈ ನೋಡುತ್ತಿರಿ. ತಲೆ ತಗ್ಗಿಸಿ ಹೆಕ್ಕುತ್ತಿದ್ದರೆ ನೀವು ಮುಂದೆ ಜರುಗಬಹುದು. ಹೆಕ್ಕುವುದು ನಿಂತು ಕತ್ತು ಉದ್ದವಾಯಿತೋ, ನೀವೂ ಅಲ್ಲೇ ನಿಲ್ಲಿ. ಕತ್ತು ಒಳಗೆಳೆದು ನೆಲಕ್ಕೆ ಅಂಟಿಕೊಂಡರೆ ಇನ್ನು ಒಂದು ಹೆಜ್ಜೆಯೂ ಬೇಡ. ಲಾವುಗೆ ಹಾಗೆ ಅಂಟಿಕೊಂಡಾಗ ಇದ್ದಲ್ಲಿಂದಲೇ ಲೆನ್ಸ್‌ನಲ್ಲಿ ನೋಡಿ. ಮೈ ಪೂರಾ ಕಲ್ಲು. ರೆಪ್ಪೆ ಕೂಡ ಅಲುಗುವುದಿಲ್ಲ. ಬಿಸಿಲಿದ್ದರೆ ಕೊಕ್ಕು ಕೂದಲೆಳೆಯಷ್ಟು ತೆರೆದು ಗಂಟಲ ಚರ್ಮ ಮಾತ್ರ ಸಣ್ಣಗೆ ಅದುರುತ್ತಿರುತ್ತದೆ. ಅದು ಮೈ ತಣ್ಣಗೆ ಇಟ್ಟುಕೊಳ್ಳುವ ದಾರಿ. ಆ ಅದುರುವಿಕೆ ಬಿಟ್ಟರೆ ಅದಕ್ಕೆ ಜೀವ ಇದೆ ಎನ್ನುವುದಕ್ಕೆ ಬೇರೆ ಗುರುತೇ ಇಲ್ಲ. ನಾಲ್ಕೈದು ಫೋಟೊ ತೆಗೆದು ನಿಧಾನವಾಗಿ ಹಿಂದಕ್ಕೆ ಸರಿಯಿರಿ. ಇನ್ನೊಂದು ಹೆಜ್ಜೆ ಮುಂದಿಟ್ಟಿರೋ, ಇಡೀ ಗುಂಪು ಪಟಾಕಿ ಸಿಡಿದ ಹಾಗೆ ಹತ್ತು ದಿಕ್ಕಿಗೆ ಹಾರುತ್ತದೆ. ಮುಂದೆ ಒಂದೇ ಹಕ್ಕಿ ಕಂಡಿದ್ದರೂ ನಿಮ್ಮ ಕಾಲಬಳಿಯಿಂದಲೇ ಮೂರು ಎದ್ದಿರುತ್ತವೆ.

ಹಾರಿದರೆ ಹಿಂದೆ ಓಡಬೇಡಿ. ಅಲ್ಲೇ ಹತ್ತಿರದ ನೆರಳಲ್ಲಿ ಕೂರಿ. ಚದುರಿದ ಲಾವುಗೆಗಳು ಸ್ವಲ್ಪ ಹೊತ್ತಿಗೆ ಸಣ್ಣ ಸಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವೆ. ಒಂದೊಂದಾಗಿ ನಡೆದುಕೊಂಡೇ ಸೇರುತ್ತವೆ. ಓಡಾಡುವ ಲಾವುಗೆಯ ಒಳ್ಳೆಯ ಫೋಟೊ ಸಿಗುವುದು ಆಗಲೇ.

ಮೊಬೈಲಿನಲ್ಲಿ ಕೂಗು ಹಾಕಿ ಕರೆಸುವ ಚಾಳಿ ಈಗ ಜಾಸ್ತಿ ಆಗಿದೆ. ಮಾಡಬೇಡಿ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತೆಂದು ಜಗಳಕ್ಕೆ ಬರುವ ಹಕ್ಕಿ ಅದು. ಮರಿ, ಮೊಟ್ಟೆ ಬಿಟ್ಟು ಬಯಲಿಗೆ ಬರುತ್ತದೆ. ಅಡಗಿಯೇ ಬದುಕುವ ಹಕ್ಕಿಯನ್ನು ಬಯಲಿಗೆಳೆದರೆ ಗಿಡುಗಕ್ಕೆ ಕೊಟ್ಟ ಹಾಗೇ ಅಲ್ವಾ?

ಕೆಳಗೆ ಮಲಗಿದರೆ ಹಿನ್ನೆಲೆ ದೂರ ಹೋಗುತ್ತದೆ

ಇದೊಂದನ್ನು ಮಾತ್ರ ಸರಿಯಾಗಿ ಓದಿ, ಉಳಿದದ್ದು ಮರೆತರೂ ಪರವಾಗಿಲ್ಲ.

ನಿಂತು ಕೆಳಮುಖವಾಗಿ ಫೋಟೊ ತೆಗೆದರೆ ಹಕ್ಕಿಯ ಹಿನ್ನೆಲೆ ಯಾವುದು? ಅದರ ಕಾಲ ಕೆಳಗಿನ ನೆಲ. ಹಕ್ಕಿಗೂ ಅದಕ್ಕೂ ಗೇಣಷ್ಟೂ ದೂರ ಇಲ್ಲ. ಪುಕ್ಕವೂ ಸ್ಪಷ್ಟ, ಜಲ್ಲಿಯೂ ಸ್ಪಷ್ಟ. ಫೋಟೊ ನೋಡಿದವರು "ಹಕ್ಕಿ ಎಲ್ಲಿದೆ?" ಅಂತ ಕೇಳುತ್ತಾರೆ. ಅದೇ ಹಕ್ಕಿಯನ್ನು ನೆಲಕ್ಕೆ ಮಲಗಿ, ಅದರ ಕಣ್ಣಿನ ಮಟ್ಟದಿಂದ ನೋಡಿ. ಈಗ ಹಿನ್ನೆಲೆ ಇಪ್ಪತ್ತು ಮೀಟರ್ ಆಚೆಯ ಬಂಡೆ. ಅದು ಮಸುಕಾಗಿ ಬರಿಯ ಬಣ್ಣವಾಗುತ್ತದೆ, ಹಕ್ಕಿ ಮಾತ್ರ ಎದ್ದು ನಿಲ್ಲುತ್ತದೆ. ಲಕ್ಷ ಕೊಟ್ಟು ಲೆನ್ಸ್ ಕೊಂಡರೂ ನಿಂತು ತೆಗೆದರೆ ಇದು ಆಗುವುದಿಲ್ಲ.

ಗುಡ್ಡದಲ್ಲಿ ಇನ್ನೊಂದು ಅನುಕೂಲ ಇದೆ. ಹಕ್ಕಿ ಇಳಿಜಾರಿನಲ್ಲಿದ್ದರೆ ನೀವು ಅದಕ್ಕಿಂತ ಕೆಳಗಿರಿ. ಬಂಡೆಯ ನೆತ್ತಿಗೆ ಹತ್ತಿದ ಸ್ಪರ್‌ಫೌಲ್‌ಗೆ ದೂರದ ಗುಡ್ಡವೋ ಆಕಾಶವೋ ಹಿನ್ನೆಲೆಯಾಗುತ್ತದೆ. ಬೆಳಿಗ್ಗೆ, ಸಂಜೆ ಅವು ಬಂಡೆ ಮೇಲೆ ಹತ್ತಿ ನೋಡುವುದುಂಟು. ಅದಕ್ಕೆ ಮೊದಲೇ ಜಾಗ ಹಿಡಿದು ಕೂತಿರಬೇಕು.

ಹಾಗಂತ ಎಲ್ಲ ಫೋಟೊದಲ್ಲೂ ಹಿನ್ನೆಲೆ ಅಳಿಸಬೇಡಿ. ಒಂದೆರಡರಲ್ಲಿ ಬಂಡೆ, ಜಲ್ಲಿ, ಒಣಹುಲ್ಲು ಎಲ್ಲ ಇರಲಿ, ಹಕ್ಕಿ ಮೂಲೆಯಲ್ಲಿ ಚಿಕ್ಕದಾಗಿರಲಿ. ಅದು ಬದುಕುವ ರೀತಿ ಗೊತ್ತಾಗುವುದು ಆ ಫೋಟೊದಲ್ಲಿ. ಅಲ್ಲಿ ಕಣ್ಣಿಗೆ ಬೆಳಕಿನ ಒಂದು ಚುಕ್ಕೆ ಬಿದ್ದಿರಬೇಕು, ಇಲ್ಲದಿದ್ದರೆ ಅದು ಬರಿಯ ಕಲ್ಲಿನ ಫೋಟೊ.

ಕ್ಯಾಮೆರಾ ಸೆಟ್ಟಿಂಗ್

ಎಷ್ಟು ಹತ್ತಿರ ಬೇಕು ಎಂಬ ಲೆಕ್ಕ ಮೊದಲೇ ಗೊತ್ತಿದ್ದರೆ ಆಸೆ ಹಿಡಿತದಲ್ಲಿರುತ್ತದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾ, 500 ಎಂಎಂ ಲೆನ್ಸ್, 8 ಮೀಟರ್ ದೂರ. ಆಗ ಚೌಕಟ್ಟಿನ ಅಗಲ ಸುಮಾರು 58 ಸೆಂ.ಮೀ. ಅಂದರೆ ಲಾವುಗೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ತುಂಬುತ್ತದೆ. ಅಷ್ಟು ಸಾಕೋ ಸಾಕು. ಕ್ರಾಪ್ ಸೆನ್ಸರ್, ಅಂದರೆ ಚಿಕ್ಕ ಸೆನ್ಸರ್ ಆದರೆ 12 ಮೀಟರ್‌ನಿಂದಲೇ ಇದು ಸಿಗುತ್ತದೆ.

ಅದೇ 8 ಮೀಟರ್‌ಗೆ ಎಫ್ 6.3ರಲ್ಲಿ (ಲೆನ್ಸ್ ಬಾಯಿ ಎಷ್ಟು ತೆರೆದಿದೆ ಎಂಬ ಅಂಕಿ; ಅದು ಹೆಚ್ಚಿದಷ್ಟೂ ಬಾಯಿ ಚಿಕ್ಕದು) ಸ್ಪಷ್ಟವಾಗಿ ಬರುವ ಆಳ ಸುಮಾರು 10 ಸೆಂ.ಮೀ. ಮಾತ್ರ. ಹಕ್ಕಿ ಅಡ್ಡಲಾಗಿ ನಿಂತಿದ್ದರೆ ತೊಂದರೆ ಇಲ್ಲ. ನಿಮ್ಮ ಕಡೆಗೆ ಮುಖ ಮಾಡಿದ್ದರೆ ಕಣ್ಣು ಸ್ಪಷ್ಟ, ಬಾಲ ಮಸುಕು. ಬೆಳಕಿದ್ದರೆ ಎಫ್ 8, 9ಕ್ಕೆ ಹೋಗಿ. ಅಂಟಿ ಕೂತ ಹಕ್ಕಿಗೆ ಶಟರ್ 1/250 ಸೆಕೆಂಡ್ ಸಾಕು, ಕಾಳು ತುಂಬಿದ ಚೀಲದ (ಬೀನ್ ಬ್ಯಾಗ್) ಮೇಲಿದ್ದರೆ ಇನ್ನೂ ಕಡಿಮೆ ನಡೆಯುತ್ತದೆ. ಓಡುವ ಸ್ಪರ್‌ಫೌಲ್‌ಗೆ 1/1600 ಆದರೂ ಬೇಕು. ಎರಡನ್ನೂ ಎರಡು ಕಸ್ಟಮ್ ಬಟನ್‌ಗೆ ಇಟ್ಟುಕೊಳ್ಳಿ.

ಕಣ್ಣು ಹಿಡಿಯುವ ಆಟೋಫೋಕಸ್ ಈ ಹಕ್ಕಿಗಳ ಮುಂದೆ ಆಗಾಗ ಸೋಲುತ್ತದೆ. ಬಿಳಿ ಚುಕ್ಕೆಯನ್ನೋ ಮುಂದಿನ ಹುಲ್ಲುಕಡ್ಡಿಯನ್ನೋ ಕಣ್ಣೆಂದು ಹಿಡಿದು ಕೂರುತ್ತದೆ. ಒಂದೇ ಚಿಕ್ಕ ಫೋಕಸ್ ಪಾಯಿಂಟ್‌ಗೆ ಬದಲಾಯಿಸಿ, ಕಣ್ಣಿನ ಮೇಲೆ ನೀವೇ ಇಡಿ. ಹುಲ್ಲು ಅಡ್ಡ ಇದ್ದರೆ ಕೈಯಿಂದಲೇ ಫೋಕಸ್ ರಿಂಗ್ ತಿರುಗಿಸಿ.

ಎಕ್ಸ್‌ಪೋಷರ್‌ನಲ್ಲಿ ಗ್ರಾನೈಟ್ ಮೋಸ ಮಾಡುತ್ತದೆ. ಬಿಸಿಲು ಬಿದ್ದ ಬಂಡೆ ಚೌಕಟ್ಟು ತುಂಬಿದ್ದರೆ ಬೆಳಕು ಜಾಸ್ತಿ ಇದೆ ಅಂದುಕೊಂಡು ಕ್ಯಾಮೆರಾ ಫೋಟೊ ಕಪ್ಪು ಮಾಡುತ್ತದೆ. ಮೊದಲೇ ಕಂದು ಬಣ್ಣದ ಹಕ್ಕಿ ಮಸಿಯಾಗುತ್ತದೆ. ಪ್ಲಸ್ 0.3ರಿಂದ 0.7 ಕೊಡಿ. ಸ್ಪರ್‌ಫೌಲ್ ಗಂಡು ನೇರ ಬಿಸಿಲಲ್ಲಿದ್ದರೆ ಕೊಡಬೇಡಿ, ಬಿಳಿ ಚುಕ್ಕೆಗಳು ಸುಟ್ಟುಹೋಗುತ್ತವೆ. ಹಕ್ಕಿ ನೆರಳಲ್ಲಿ, ಸುತ್ತಲಿನ ಬಂಡೆ ಬಿಸಿಲಲ್ಲಿ ಇದ್ದರೆ ಯಾವ ಸೆಟ್ಟಿಂಗೂ ಕೈ ಹಿಡಿಯುವುದಿಲ್ಲ. ಹಕ್ಕಿ ಜಾಗ ಬದಲಿಸುವ ತನಕ ಕಾಯಿರಿ. ಫೋಟೊ, ಸೆನ್ಸರ್ ಹಿಡಿದ ಮಾಹಿತಿಯನ್ನೆಲ್ಲ ಉಳಿಸುವ ರಾ ಫಾರ್ಮ್ಯಾಟ್‌ನಲ್ಲೇ ಇರಲಿ. ಮಿರರ್‌ಲೆಸ್ ಆದರೆ ಸದ್ದಿಲ್ಲದ ಶಟರ್ ಹಾಕಿ.

ಬೀನ್ ಬ್ಯಾಗ್ ಅಂದೆ. ಖಾಲಿ ಚೀಲ ತನ್ನಿ, ಹೊಸಪೇಟೆಯಲ್ಲಿ ಎರಡು ಕಿಲೋ ಜೋಳ ತುಂಬಿಸಿಕೊಳ್ಳಿ. ನೆಲದ ಮಟ್ಟಕ್ಕೆ ಇದಕ್ಕಿಂತ ಒಳ್ಳೆಯ ಸ್ಟ್ಯಾಂಡ್ ಇಲ್ಲ. ಹಂಪಿಯ ಸ್ಮಾರಕಗಳ ಆವರಣದಲ್ಲಿ ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕಾಗುತ್ತದೆ, ಅಲ್ಲೂ ಇದೇ ಗತಿ.

ಕರಡಿ, ಹಾವು, ಕಾನೂನು

ದರೋಜಿಯನ್ನು 1994ರಲ್ಲಿ ಕರಡಿಧಾಮ ಎಂದು ಘೋಷಿಸಿದ್ದೇ ಇಲ್ಲಿನ ಬಂಡೆ ಗುಹೆಗಳಲ್ಲಿ ಕರಡಿಗಳು ವಾಸ ಇರುವುದಕ್ಕೆ. ಹಕ್ಕಿಗೆ ಒಳ್ಳೆಯ ಹೊತ್ತು ಯಾವುದೋ ಕರಡಿ ಓಡಾಡುವ ಹೊತ್ತೂ ಅದೇ. ಧಾಮದ ಒಳಗೆ ಗೊತ್ತುಮಾಡಿದ ಜಾಗ ಬಿಟ್ಟು ಇಳಿಯಬೇಡಿ. ವೀಕ್ಷಣಾ ಗೋಪುರದ ಎದುರಿನ ಬಂಡೆಗಳಿಗೆ ಕರಡಿಗಾಗಿ ಬೆಲ್ಲದ ಪಾಕ ಸವರುತ್ತಾರೆ. ಅಲ್ಲಿಗೆ ಸ್ಪರ್‌ಫೌಲ್, ಗೌಜಲ ಹಕ್ಕಿ, ಮುಂಗುಸಿಗಳೂ ಬರುತ್ತವೆ. ದೂರ ಜಾಸ್ತಿ, ಆದರೆ ಯಾವ ಹಕ್ಕಿಗೂ ತೊಂದರೆ ಇಲ್ಲದ ಜಾಗ. ಅಭಯಾರಣ್ಯದಲ್ಲಿ ಫೋಟೊ ತೆಗೆಯಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಪ್ರವೇಶದ ಸಮಯ, ಕ್ಯಾಮೆರಾ ಶುಲ್ಕ ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.

ಧಾಮದ ಹೊರಗಿನ ಗುಡ್ಡಗಳಲ್ಲೂ ಕರಡಿ, ಚಿರತೆ ಇವೆ. ಒಬ್ಬರೇ ಹೋಗಬೇಡಿ. ಮಲಗಿ ಫೋಟೊ ತೆಗೆಯಿರಿ ಅಂದೆನಲ್ಲ, ಮಲಗುವ ಮೊದಲು ಕೋಲಿನಿಂದ ಆ ಜಾಗ ಕೆದಕಿ. ಕಲ್ಲಿನ ಕೆಳಗೆ ಚೇಳು, ಹುಲ್ಲಿನ ಬುಡದಲ್ಲಿ ಮಂಡಲದ ಹಾವು ಇರಬಹುದು. ಅವೂ ನೆಲದ ಬಣ್ಣದವೇ, ಅವೂ ಕಾಣಿಸುವುದಿಲ್ಲ. ಸಂದಿಗೆ ಕೈ ಹಾಕಬೇಡಿ. ಪಾದ ಮುಚ್ಚುವ ಬೂಟು ಇರಲಿ.

ಗೂಡು ಕಂಡರೆ, ಅಂದರೆ ನೆಲದ ತಗ್ಗಿನಲ್ಲಿ ಮೊಟ್ಟೆ ಕಂಡರೆ, ಕ್ಯಾಮೆರಾ ಎತ್ತದೆ ಬಂದ ದಾರಿಯಲ್ಲೇ ವಾಪಸ್ ಹೋಗಿ. ಫೋಟೊಗೆ ಅಡ್ಡ ಎಂದು ಹುಲ್ಲು ಮುರಿಯುವವರನ್ನು ನೋಡಿದ್ದೇನೆ. ಆ ಹುಲ್ಲೇ ಅದರ ಗೋಡೆ.

ಮನೆಗೆ ಬಂದ ಮೇಲೆ

ಎಡಿಟಿಂಗ್‌ನಲ್ಲಿ ಕ್ಲಾರಿಟಿ, ಶಾರ್ಪ್‌ನೆಸ್ ಇಡೀ ಫೋಟೊಗೆ ಎಳೆಯಬೇಡಿ. ಬಂಡೆಯ ಪ್ರತಿ ಕಣವೂ ಎದ್ದು ಬಂದು ಹಕ್ಕಿಯನ್ನು ಮತ್ತೆ ನುಂಗುತ್ತದೆ. ಹಕ್ಕಿಯನ್ನು ಮಾತ್ರ ಮಾಸ್ಕ್ ಮಾಡಿ ಸ್ವಲ್ಪ ಶಾರ್ಪ್ ಮಾಡಿ, ಬಂಡೆಯನ್ನು ಒಂದು ಚೂರು ಮಂಕು ಮಾಡಿ. ಬೆಳಗಿನ ಬಿಸಿಲಿಗೆ ಇಲ್ಲಿನ ಗ್ರಾನೈಟ್ ಕಿತ್ತಳೆಗೆ ತಿರುಗುತ್ತದೆ, ಅದನ್ನು ಬೂದು ಮಾಡಲು ಹೋಗಬೇಡಿ. ಸ್ಪರ್‌ಫೌಲ್‌ನ ಇಟ್ಟಿಗೆ ಕೆಂಪು ಅಡಗುವುದೇ ಆ ಬಣ್ಣದಲ್ಲಿ.

ಫೋಟೊ ಹಾಕುವ ಮುಂಚೆ ಅದರಲ್ಲಿರುವ ಜಿಪಿಎಸ್ ಮಾಹಿತಿ ತೆಗೆದುಹಾಕಿ. ಸ್ಪರ್‌ಫೌಲ್, ಲಾವುಗೆ ಎರಡಕ್ಕೂ ಉರುಳು ಹಾಕುವವರು ಇನ್ನೂ ಇದ್ದಾರೆ. ಮಣ್ಣಿನ ಸ್ನಾನದ ಜಾಗ ಗೊತ್ತಾದರೆ ಅವರಿಗೆ ಬೇರೇನೂ ಬೇಕಾಗಿಲ್ಲ. ಯಾರಾದರೂ ಎಲ್ಲಿ ತೆಗೆದದ್ದು ಅಂತ ಕೇಳಿದರೆ ತಾಲ್ಲೂಕಿನ ಹೆಸರು ಹೇಳಿ, ಗುಡ್ಡದ ಹೆಸರು ಬೇಡ.